ಬೀಸುಕಲ್ಲಿನ ಈ ಕಡೆ

ನಾಯ್ನಾ,

ಅಪ್ಪ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ತೆಲುಗಿನಲ್ಲಿ ಕರೆದು ಕನ್ನಡದಲ್ಲಿ ಓದಿದ ಮನೆ ನಮ್ಮದು. ಕರೆದ ಹಾಗೆಯೇ ಬರೆಯುತ್ತೇನೆ. ಮಣ್ಣಿನಡಿ ಇರುವವನಿಗೆ ಎಂಥ ಕಾಗದ ಎಂದು ದಾವೀದಣ್ಣ ನಗುತ್ತಾನೆ. ನಗಲಿ. ನಿನಗೆ ತಲುಪಲೇಬೇಕಾದ ಒಂದು ಮಾತು ನನ್ನಲ್ಲಿ ಉಳಿದುಹೋಗಿದೆ.

ಅಣ್ಣನನ್ನು ಊರ ಸ್ಕೂಲಿಗೆ ಸೇರಿಸಿದ್ದು ನೆನಪಿದೆಯೆ? ಹೊರಗೆ ಹೊಂಗೆ ಮರದಡಿ ಕೂರಿಸಿದರು. ಒಳಗಿನ ಪಾಠ ಅಲ್ಲಿಗೆ ಕೇಳುತ್ತಿರಲಿಲ್ಲ. ಒಂದು ದಿನ ಮಳೆ ಬಂತೆಂದು ಜಗಲಿ ಹತ್ತಿದ, ಬೆನ್ನ ತುಂಬ ಬಾಸುಂಡೆ ಹೊತ್ತು ಮನೆಗೆ ಬಂದ. "ಶಿಲುಬೆ ಹಿಡ್ಕೊಂಡ್ರೆ ಮೈಲಿಗೆ ಹೋಯ್ತದೇನ್ಲಾ?" ಎಂದು ಕೇಳಿದರಂತೆ ಮೇಷ್ಟ್ರು. ನೀನು ಕಪಿಲೆ ಬಾವಿಗೆ ನೀರೆತ್ತುವ ತೊಗಲಿನ ಚೀಲ ಹೊಲಿಯುತ್ತಿದ್ದೆ. ದಬ್ಬಳ ಕೆಳಗಿಟ್ಟೆ. "ಆ ಜಗಲಿ ಅವ್ರೇ ಇಟ್ಕೊಳ್ಲಿ. ಪಾದ್ರಿ ಅಯ್ಯನೋರು ನಂಗೆ ಹೇಳ್ಕೊಟ್ಟಷ್ಟು ನನ್ನ ಮಕ್ಕಳಿಗೆ ನಾನು ಹೇಳ್ಕೊಡಕ್ಕಾಗಲ್ವಾ?" ಎಂದೆ. ಆ ದಿನದಿಂದ ನಮ್ಮ ಗುಡಿಸಲೇ ಸ್ಕೂಲಾಯಿತು.

ಬೆಳಗಿನ ಬಿಸಿಲು ಬಾಗಿಲಿಂದ ಒಳಗೆ ಬೀಳುತ್ತಲೇ ನಮ್ಮ ಪಾಠ. ಯುದ್ಧದ ಕಾಲ, ಬುಡ್ಡಿಗೆ ಸೀಮೆಎಣ್ಣೆ ಎಲ್ಲಿಂದ ಬರಬೇಕು? ಬೀಸುಕಲ್ಲಿನ ಆ ಕಡೆ ಮಂಕರಿ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಪಾದ್ರಿ ಅಯ್ಯನೋರ ದಪ್ಪಕ್ಷರದ ವೇದಪುಸ್ತಕ ಇಟ್ಟು ನೀನು ಕೂರುತ್ತಿದ್ದೆ. ನಿನ್ನ ಮಗ್ಗುಲಲ್ಲಿ ಅಣ್ಣ. ಈ ಕಡೆ ಅಮ್ಮ, ನಾನು, ಒಂದೇ ಗೂಟ ಹಿಡಿದು ರಾಗಿ ಬೀಸುತ್ತ. ನಿನ್ನ ಬೆರಳು ಅಕ್ಷರದ ಕೆಳಗೆ ಜರುಗುತ್ತಿತ್ತು, ನನ್ನ ಕಣ್ಣು ಬೆರಳಿನ ಹಿಂದೆ. ಹಾಳೆ ಹರಿದೀತೆಂದು ಪುಸ್ತಕವನ್ನು ಯಾರ ಕೈಗೂ ಕೊಡುತ್ತಿರಲಿಲ್ಲ ನೀನು. ಬರೆಯಲು ನನಗೆ ಸ್ಲೇಟು ಯಾಕೆ, ಹಿಟ್ಟು ಇತ್ತಲ್ಲ. ಕಲ್ಲಿನ ಸುತ್ತ ಬಿದ್ದ ಹಿಟ್ಟಿನ ಮೇಲೆ ಬೆರಳಾಡಿಸಿದರೆ ಆ ಕಡೆಯಿಂದ ನೋಡಿ, "ಚೆನ್ನಾಗಿ ಬರೀತೀಯ ಕಣಮ್ಮ ರೂತಿ" ಎನ್ನುತ್ತಿದ್ದೆ.

ನೋಹನ ದೋಣಿಯ ಪಾಠವಾದ ದಿನ ಎಷ್ಟು ನಕ್ಕೆವು. "ಅಷ್ಟು ನೀರು ಎಲ್ಲಿಂದ ಬಂತು ನಾಯ್ನಾ?" ಎಂದ ಅಣ್ಣ. ನಮ್ಮ ಬರದ ಸೀಮೆಯವನು ಇನ್ನೇನು ಕೇಳಿಯಾನು? ನೀನು ಆನೆಯಂತೆ ಸೊಂಡಿಲು ಬೀಸಿ, ಕೋತಿಯಂತೆ ತಲೆ ಕೆರೆದು ದೋಣಿ ಹತ್ತಿದೆ. ಅಮ್ಮ ಮಾತ್ರ ಕಲ್ಲು ನಿಲ್ಲಿಸಲಿಲ್ಲ.

"ಅಲ್ಲಯ್ಯಾ, ಅಷ್ಟು ಬಾಯಿಗೆ ಹಿಟ್ಟು ಬೀಸಿದ್ದು ಯಾರು?"

"ನೋಹನ ಹೆಂಡ್ತಿ ಇರ್ಬೇಕು ಬಿಡು."

"ಅವ್ಳಿಗೆ ಹೆಸ್ರಿಲ್ವಾ?"

ನೀನು ಹಾಳೆ ತಿರುವಿದೆ, ಮತ್ತೆ ತಿರುವಿದೆ. "ಬರ್ದಿಲ್ಲ ಕಣೇ."

"ಬೀಸೋರ ಹೆಸ್ರು ಯಾರ್ ಬರೀತಾರೆ, ನಡಿ ಮುಂದಕ್ಕೆ."

ಊರು ನಮ್ಮನ್ನು ಹೊರಗಿಟ್ಟಿತ್ತು ನಿಜ. ಆದರೆ ಆ ಬೆಳಗುಗಳಲ್ಲಿ ನಾಲ್ಕು ಜನ ಒಂದು ಪುಸ್ತಕದ ಸುತ್ತ ಕೂತಾಗ ಊರೇ ಹೊರಗಿದೆ, ನಾವು ಒಳಗಿದ್ದೇವೆ ಅನ್ನಿಸುತ್ತಿತ್ತು. ಅಂಥ ಸುಖ ಆಮೇಲೆ ನನಗೆ ಎಲ್ಲಿ...

ಬೈರಕೂರಿನ ದಾರಿ ಹಿಡಿದು ನೀನು ನನ್ನನ್ನು ಪೇಟೆಯ ಸ್ಕೂಲಿಗೆ ಕರೆದೊಯ್ದ ಬೆಳಗು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಸ್ಕೂಲಿನ ಹೆಸರೆತ್ತಿದರೆ ಅಣ್ಣ ಎದ್ದು ಹೋಗುತ್ತಿದ್ದ. ಹಾಗಾಗಿ ನಿನ್ನ ಆಸೆಯೆಲ್ಲ ನನ್ನ ಮೇಲೆ. ಓದಿ ತೋರಿಸಿದರೆ ನಾಲ್ಕನೇ ಕ್ಲಾಸಿಗೆ ಸೇರಿಸುತ್ತೇವೆ ಅಂದಿದ್ದರು. ಹೆಡ್‌ಮೇಷ್ಟ್ರು ಒಳಗಿಂದಲೇ ಒಂದು ಪುಸ್ತಕವನ್ನು ಜಗಲಿಗೆ ಎಸೆದರು. ಮೊದಲ ಸಲ ನನ್ನ ಕೈಗೆ ಒಂದು ಪುಸ್ತಕ ಬಂದಿತ್ತು. ಎತ್ತಿಕೊಂಡೆ, ನನಗೆ ಕಂಡ ಹಾಗೆ ಹಿಡಿದೆ, ಗಳಗಳನೆ ಓದಿದೆ. ಎಲ್ಲೂ ತಡೆಯಲಿಲ್ಲ. ತಲೆಯೆತ್ತಿದರೆ ಮೇಷ್ಟ್ರುಗಳೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಪುಸ್ತಕ ನನ್ನ ಕೈಯಲ್ಲಿ ತಲೆಕೆಳಗಾಗಿತ್ತು. ಕಲ್ಲಿನ ಈ ಕಡೆ ಕೂತು ಕಲಿತವಳಿಗೆ ಅಕ್ಷರ ಇರುವುದೇ ಹಾಗೆ.

"ಬಾಯಿಪಾಠ ಮಾಡ್ಸಿ ಕರ್ಕೊಂಡ್ ಬಂದಿದೀಯೇನೋ?" ಎಂದರು ಹೆಡ್‌ಮೇಷ್ಟ್ರು.

"ಇಲ್ಲ ಸ್ವಾಮಿ, ಆ ಪುಸ್ತಕ ನಾವು ಕಂಡೇ ಇಲ್ಲ," ಎಂದೆ ನೀನು.

"ನಿಮ್ಮೋರಿಗೆ ಅಕ್ಷರ ಕೊಟ್ರೆ ತಲೆಕೆಳಗೇ ಆಗೋದು. ಹೋಗ್, ಹೋಗ್."

ಕಾಣದ ಪುಸ್ತಕವನ್ನು ಬಾಯಿಪಾಠ ಮಾಡುವುದು ಹೇಗೆ ಎಂದು ಅಷ್ಟು ಓದಿದವರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಅಲ್ಲ, ಹೊಳೆದಿತ್ತು, ಅವರಿಗೆ ಬೇಕಾಗಿರಲಿಲ್ಲ. ತಲೆಕೆಳಗಾಗಿದ್ದು ಪುಸ್ತಕವೊ, ಅವರ ಲೋಕವೊ?

ಆದರೆ ನೀನು ಯಾಕೆ ಅವರ ಮಾತು ನಂಬಿದೆ ನಾಯ್ನಾ? ದಾರಿಯುದ್ದಕ್ಕೂ ಒಂದೇ ಮಾತು: "ನಿಂಗೆ ತಲೆಕೆಳಗೆ ಕಲಿಸ್ಬಿಟ್ಟೆ ಕಣಮ್ಮ." ಮನೆಗೆ ಬಂದವನು ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಮಾರನೆಯ ಬೆಳಿಗ್ಗೆ ಬಿಸಿಲು ಬಂತು, ಮಂಕರಿ ಬೋರಲಾಗಲಿಲ್ಲ. ಬರೀ ಕಲ್ಲಿನ ಸದ್ದು. ಆ ಚಳಿಗಾಲದಲ್ಲೇ ಎದೆಯ ಬೇನೆ ನಿನ್ನನ್ನು ಹಿಡಿಯಿತು. ಕೊನೆಯಲ್ಲಿ ನನ್ನ ಕೈ ಹಿಡಿದು, "ಮಕ್ಕಳ ಓದು ನನ್ ಕೈಯಾರ ಕೆಡಿಸ್ದೆ" ಎಂದೆ. ಅಲ್ಲ ಎನ್ನುವಷ್ಟರಲ್ಲಿ...

ನಿನ್ನ ಮಣ್ಣಾದ ಮೇಲೆ ಪುಸ್ತಕ ಇಳಿಸಿದವಳು ನಾನೇ. ನೀನು ಕೂರುತ್ತಿದ್ದ ಕಡೆ ಕೂತು, ಅಕ್ಷರವನ್ನು ಮೊದಲಿಂದ ಕಲಿತೆ. ಈಗ ಕೇರಿಯ ಮಕ್ಕಳು ನಮ್ಮ ಮನೆಗೆ ಬರುತ್ತವೆ. ಈಗಲೂ ಒಂದೇ ಪುಸ್ತಕ. ನಡುವೆ ಇಟ್ಟು, ದಿನಾ ಎಲ್ಲರನ್ನೂ ಒಂದೊಂದು ಜಾಗ ಸರಿಸುತ್ತೇನೆ. ಇಂದು ಎದುರಿಗೆ ಕೂತ ಮಗು ನಾಳೆ ಮಗ್ಗುಲಿಗೆ. ಯಾರೂ ಒಂದೇ ಕಡೆ ಉಳಿಯಬಾರದು.

ನಿನಗೆ ಹೇಳಬೇಕಾದ ಮಾತು ಇನ್ನೂ ಹೇಳಿಲ್ಲ. ಹೋದ ಭಾನುವಾರ ಪ್ರಾರ್ಥನೆ ಮುಗಿಸಿ ಮನೆಗೆ ಬಂದೆ. ಅಮ್ಮ ಬಾಗಿಲ ಬೆಳಕಿಗೆ ಪುಸ್ತಕ ಹಿಡಿದು ಕೂತಿದ್ದಳು, ತಲೆಕೆಳಗೆ. ಪಾಪ, ಚಿತ್ರ ಇದೆಯೇನೋ ಎಂದು ನೋಡುತ್ತಿದ್ದಾಳೆ ಅಂದುಕೊಂಡು ನೇರ ಮಾಡಹೋದೆ. ಕೈ ಮೇಲೆ ಹೊಡೆದಳು.

"ತಿರುಗಿಸ್ಬೇಡ ಕಣೇ. ನಂಗೆ ಹಿಂಗೇ ಬರೋದು."

"ನಿಂಗೆ ಓದಕ್ ಬರ್ತದಾ? ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?"

"ಯಾರ್ ಕೇಳಿದ್ರು? ನಿಮ್ ನಾಯ್ನ ಓದೋವಾಗ ಗೂಟದ ಇನ್ನೊಂದು ಕೈ ಯಾರ್ದಿತ್ತು?"

ಏನು ಓದುತ್ತಿದ್ದೀಯ ಎಂದೆ. ಕಣ್ಣೊರೆಸಿಕೊಂಡಳು. "ಅದೇ, ನೋಹನ ಹೆಂಡ್ತಿ. ಮುಂದೆಲ್ಲಾದ್ರೂ ಬರ್ದಿರ್ತಾರೇನೋ ಅಂತ ಕೊನೇಗಂಟ ಹುಡುಕ್ದೆ. ನಿಮ್ ನಾಯ್ನ ಹೇಳಿದ್ದು ದಿಟ. ಅವ್ಳ ಹೆಸ್ರು ಎಲ್ಲೂ ಇಲ್ಲ."

ಕೇಳಿಸಿತೆ ನಾಯ್ನಾ? ನೀನು ಯಾರ ಓದನ್ನೂ ಕೆಡಿಸಲಿಲ್ಲ. ಲೆಕ್ಕಕ್ಕೇ ಹಿಡಿಯದವಳಿಗೂ ಕಲಿಸಿಹೋದೆ. ಲೆಕ್ಕಕ್ಕೆ ಹಿಡಿಯದೆ ಹೋದೆವಲ್ಲ, ಆ ಸಿಟ್ಟು ನಿನ್ನ ಮೇಲೂ ಇದೆ, ನನ್ನ ಮೇಲೂ.

ನಾಳೆ ಬೆಳಿಗ್ಗೆ ಅಮ್ಮ ಬೀಸಲು ಕೂತಾಗ ನಿನ್ನ ಜಾಗದಲ್ಲಿ ನಾನು ಕೂರುತ್ತೇನೆ. "ಹಿಟ್ಟಿನ ಮೇಲೆ ನಿನ್ನ ಹೆಸ್ರು ಬರಿಯಮ್ಮ" ಎನ್ನುತ್ತೇನೆ. ಬೈಯುತ್ತಾಳೆ, ಆಮೇಲೆ ಬರೆಯುತ್ತಾಳೆ. ಆ ಕಡೆಯಿಂದ ನೋಡಿದರೆ ಅದು ನೇರವಾಗಿಯೇ ಕಾಣುತ್ತದೆ. ಸಾರಮ್ಮ.

ನಿನ್ನ
ರೂತಿ