ಸಾಕ್ಷಿಯಲ್ಲಿ ಸೇರಿಸಿದ ಮಾತು

ಕುಶನ್ ಅಂಗಡಿಯಿಂದ,
ಹನ್ನೊಂದನೇ ತಾರೀಖು, ಸೋಮವಾರ ಬೆಳಿಗ್ಗೆ

ಪ್ರೀತಿಯ ಚೂಟೀ,

ಹೇಗಿದ್ದೀಯಮ್ಮಾ? ಲ್ಯಾಬಿನಲ್ಲಿ ಇಡೀ ದಿನ ನಿಂತೇ ಇರಬೇಕು, ಸಂಜೆ ಹೊತ್ತಿಗೆ ಕಾಲು ಊದಿಕೊಳ್ಳುತ್ತದೆ ಎಂದು ನಮ್ಮಕ್ಕ, ನಿನ್ನ ಅತ್ತೆ, ಹೇಳುತ್ತಿದ್ದಳು. ಬಿಸಿನೀರಿಗೆ ಒಂದು ಹಿಡಿ ಉಪ್ಪು ಹಾಕಿ ಸ್ವಲ್ಪ ಹೊತ್ತು ಕಾಲಿಟ್ಟುಕೊಂಡು ಕೂರು. ಊರವರ ರಕ್ತವನ್ನೆಲ್ಲ ಪರೀಕ್ಷೆ ಮಾಡುವವಳು ನಿನ್ನ ರಕ್ತವನ್ನು ಒಂದು ಸಲವಾದರೂ ನೋಡಿಕೊಂಡಿದ್ದೀಯೋ ಇಲ್ಲವೋ. ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ, ಗೊತ್ತು. ಆದರೂ ಬರೆದುಬಿಟ್ಟೆ, ಹೊಡೆದು ಹಾಕುವುದಿಲ್ಲ. ನಾನು ಚೆನ್ನಾಗಿದ್ದೇನೆ. ಕುಡಿಯುವುದು ಬಿಟ್ಟು ಮೂರು ವರ್ಷ ನಾಲ್ಕು ತಿಂಗಳಾಯಿತು. ಅಂಗಡಿಯಲ್ಲಿ ಕೈತುಂಬ ಕೆಲಸವಿದೆ. ಹಲ್ಲಿನ ಡಾಕ್ಟರೊಬ್ಬರ ಕಡೆಯಿಂದ ಎಂಟು ಕುರ್ಚಿ ಬಂದಿವೆ, ಎಂಟರಲ್ಲೂ ಕೈ ಇಡುವ ಜಾಗದಲ್ಲೇ ರೆಕ್ಸಿನ್ ಕಿತ್ತುಹೋಗಿದೆ. ಹಲ್ಲು ಕೀಳಿಸಿಕೊಳ್ಳಲು ಕಾದು ಕೂತವರು ಅಲ್ಲೇ ಉಗುರಿನಲ್ಲಿ ಪರಚಿದ್ದಾರೆ, ಪಾಪ. ಅದರಲ್ಲೊಂದು ಕುರ್ಚಿಯ ಮೇಲೆ ಕೂತು ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದು ಹಲಗೆಯ ತಪ್ಪು. ನನ್ನ ಕೈ ಈಗ ನಡುಗುವುದಿಲ್ಲ.

ಆ ಭಾನುವಾರದ ವಿಷಯಕ್ಕೆ ನೇರವಾಗಿ ಬರುತ್ತೇನೆ. ಸುತ್ತಿ ಬಳಸಿ ಮಾತಾಡಿದರೆ ನಿಮ್ಮಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು, ನೀನೂ ಅವಳ ಮಗಳೇ. ನಾನು ಚರ್ಚಿನಲ್ಲಿ ಸಭೆಯ ಮುಂದೆ ನಿಂತು ಸಾಕ್ಷಿ ಹೇಳುತ್ತಿದ್ದೆ. ದೇವರು ತನಗೆ ಮಾಡಿದ ಉಪಕಾರವನ್ನು ಹತ್ತು ಜನರೆದುರು ಎದ್ದು ನಿಂತು ಹೇಳುವುದು ನಮ್ಮಲ್ಲಿ ವಾರವಾರವೂ ಇದ್ದದ್ದೇ. ನೀನು ಕೊನೆಯ ಸಾಲಿನಲ್ಲಿ ಅತ್ತೆಯ ಪಕ್ಕ ಕೂತಿದ್ದೆಯಂತೆ. ನನಗೆ ಗೊತ್ತಿರಲಿಲ್ಲ. 'ನಾನು ಅಷ್ಟೆಲ್ಲ ಮಾಡಿದರೂ ನನ್ನ ಮಗಳು ನನ್ನನ್ನು ಪೂರ್ತಿ ಕ್ಷಮಿಸಿದ್ದಾಳೆ, ದೇವರಿಗೆ ಸ್ತೋತ್ರ' ಎಂದೆ. ಇಡೀ ಸಭೆ ಸ್ತೋತ್ರ ಎಂದಿತು, ಚಪ್ಪಾಳೆ ತಟ್ಟಿತು. ಆಗ ಹಿಂದಿನಿಂದ ಯಾರೋ ಎದ್ದು ಹೋದದ್ದು ಕಾಣಿಸಿತು. ನಡಿಗೆ ನೋಡಿಯೇ ನೀನೆಂದು ಗೊತ್ತಾಯಿತು. ನನ್ನ ಮಾತು ಅಲ್ಲೇ ನಿಂತುಹೋಯಿತು. ದುಃಖ ಉಕ್ಕಿಬಂದು ಮಾತು ಹೊರಡುತ್ತಿಲ್ಲ ಎಂದುಕೊಂಡು ಜನ ಇನ್ನೊಂದು ಸಲ ಚಪ್ಪಾಳೆ ತಟ್ಟಿದರು. ನಾನು ಹೊರಗೆ ಓಡಿ ಬರುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು.

ನೀನು ನನ್ನನ್ನು ಕ್ಷಮಿಸಿಲ್ಲ. ಕ್ಷಮಿಸಿದ್ದೇನೆ ಎಂಬ ಮಾತಿರಲಿ, ಹನ್ನೊಂದು ವರ್ಷದಿಂದ ನಿನ್ನ ಬಾಯಿಂದ ನನಗೆ ಯಾವ ಮಾತೂ ಬಂದಿಲ್ಲ. ಅಂದು ಅತ್ತೆ ಚರ್ಚಿನ ಮೆಟ್ಟಿಲ ಮೇಲೆ ನಿಂತು ನನ್ನ ಜನ್ಮ ಜಾಲಾಡಿದಳು. 'ಮದುವೆ ದಿನ ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಬರ್ತೀರಾ ಅಂತ ನಿನ್ನ ಕೇಳೋಕೆ ಬಂದಿದ್ಳು ಕಣೋ! ಮೂರು ದಿನದಿಂದ ಹೇಗೆ ಕೇಳ್ಲಿ, ಏನಂತ ಕೇಳ್ಲಿ ಅಂತ ನನ್ನ ತಲೆ ತಿಂದಿದ್ಳು. ನಿನ್ನ ನಾಲಿಗೆ ಸೇದ್ಹೋಗಾ!' ಎಂದಳು. ನಿನಗೆ ಮದುವೆ ಗೊತ್ತಾಗಿದೆ ಎನ್ನುವುದು ನನಗೆ ತಿಳಿದದ್ದೇ ಆಗ. ಹುಡುಗ ಎಕ್ಸ್‌ರೇ ತೆಗೆಯುವವನಂತೆ. ಒಳಗಿರುವುದು ಕಾಣುವ ಗಂಡು ಸಿಕ್ಕಿದ್ದಾನೆ, ಸಂತೋಷ. ಅಲ್ಲೇ ಚಪ್ಪಲಿ ಬಿಡುವ ಜಾಗದಲ್ಲಿ ಕುಸಿದು ಕೂತೆ.

ಆ ಸುಳ್ಳು ಹೇಗೆ ಹುಟ್ಟಿತು ಎಂದು ಹೇಳಿಬಿಡುತ್ತೇನೆ. ಮೊದಲ ಸಲ ಸಾಕ್ಷಿ ಹೇಳುವಾಗ ನೆಲ ನೋಡಿಕೊಂಡೇ ಹೇಳಿದೆ. ಅಂದು ಹೇಳಿದ್ದೆಲ್ಲ ನಿಜ. ನಿಮ್ಮಮ್ಮ ಆಸ್ಪತ್ರೆಯಲ್ಲಿದ್ದದ್ದು, ಬೆಳಿಗ್ಗೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು 'ಮಗಳನ್ನ ಕರ್ಕೊಂಡು ಬಂದ್ಬಿಡಿ, ತಡ ಮಾಡ್ಬೇಡಿ' ಎಂದದ್ದು, ನಾನು ನಿನ್ನ ಶಾಲೆಗೆ ಫೋನ್ ಮಾಡಿ ಬರುತ್ತಿದ್ದೇನೆ ಎಂದದ್ದು. ನಿನಗಾಗ ಒಂಬತ್ತು ವರ್ಷ. ನಿನ್ನನ್ನು ಚೀಲದ ಸಮೇತ ಆಫೀಸಿನ ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ನಾನು ಧೈರ್ಯಕ್ಕೆ ಎರಡೇ ಎರಡು ಗುಟುಕು ಎಂದು ದಾರಿಯಲ್ಲಿ ಬಾರಿನೊಳಗೆ ಹೊಕ್ಕವನು ಎದ್ದು ಬರಲಿಲ್ಲ. ಮೂರೂಕಾಲಿಗೆ ನಿಮ್ಮಮ್ಮ ಹೋದಳು. ಕೊನೆಯವರೆಗೂ ಬಾಗಿಲು ನೋಡುತ್ತಿದ್ದಳಂತೆ. ಐದೂವರೆಗೆ ನಿನ್ನ ಅತ್ತೆ ಬಂದು ನಿನ್ನನ್ನು ಎಬ್ಬಿಸಿಕೊಂಡು ಹೋದಳು. ಆಮೇಲೂ ನಾನು ಕುಡಿಯುವುದು ಬಿಡಲಿಲ್ಲ. ನಿನ್ನನ್ನು ಸಾಕಿದ್ದು ಅತ್ತೆಯೇ.

ಇದನ್ನು ಕೇಳಿ ಜನ ಅತ್ತರು. ಮುಂದಿನ ತಿಂಗಳು ಇನ್ನೊಂದು ಸಭೆಯವರು ಕರೆದರು, ಆಮೇಲೆ ಮತ್ತೊಬ್ಬರು. ಹೇಳುತ್ತಾ ಹೇಳುತ್ತಾ ಎಲ್ಲಿ ನಿಲ್ಲಿಸಬೇಕು, ಎಲ್ಲಿ ಗಂಟಲು ಕಟ್ಟಬೇಕು ಎನ್ನುವುದು ನನಗೆ ಕರಗತವಾಗಿಬಿಟ್ಟಿತು. ನೀನು ಬೆಂಚಿನ ಮೇಲೆ ಕೂತಿದ್ದನ್ನು ನಾನು ಊರೂರಿಗೆ ಹೊತ್ತುಕೊಂಡು ಹೋಗಿ ತೋರಿಸಿ ಬಂದೆ ನೋಡು. ಒಂದು ದಿನ ಸಭೆ ಮುಗಿದ ಮೇಲೆ ಒಬ್ಬ ಹೆಂಗಸು ನನ್ನ ಕೈ ಹಿಡಿದುಕೊಂಡು 'ಮಗಳು ಈಗ ಹೇಗಿದ್ದಾಳೆ ಅಣ್ಣಾ?' ಎಂದಳು. ಪಾಪ, ಅವಳ ಕಣ್ಣಲ್ಲಿ ನೀರು. 'ಕ್ಷಮಿಸಿದ್ದಾಳಮ್ಮಾ' ಎಂದುಬಿಟ್ಟೆ. ಅವಳ ಮುಖ ಎಷ್ಟು ಅರಳಿತೆಂದರೆ ಮುಂದಿನ ವಾರದಿಂದ ಅದನ್ನೇ ಸಾಕ್ಷಿಯ ಕೊನೆಗೆ ಸೇರಿಸಿದೆ. ಕುಡಿಯುತ್ತಿದ್ದಾಗ ಹೇಳಿದ ಸುಳ್ಳುಗಳಿಗೆ ಲೆಕ್ಕವಿಲ್ಲ. ಆದರೆ ಇದನ್ನು ಬೈಬಲ್ ಕಂಕುಳಲ್ಲಿಟ್ಟುಕೊಂಡು ಹೇಳಿದೆನಲ್ಲ, ಥೂ ನನ್ನ!

ಪಾಸ್ಟರ ಹತ್ತಿರ ಹೋಗಿ ಎಲ್ಲ ಬಿಚ್ಚಿ ಹೇಳಿದೆ. ಅವರು ಮೊದಲು ಲಾರಿ ಓಡಿಸುತ್ತಿದ್ದವರು, ಅಡ್ಡ ಮಾತು ಗೊತ್ತಿಲ್ಲ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. 'ಕೊಡದೇ ಇರೋದಕ್ಕೆ ದೇವರಿಗೆ ಥ್ಯಾಂಕ್ಸ್ ಹೇಳಿಬಿಟ್ಯಲ್ಲಣ್ಣಾ. ಕೊಟ್ಟಿರೋದಕ್ಕೆಲ್ಲ ಹೇಳಿ ಮುಗಿಸಿದ್ಯಾ?' ಎಂದರು. ದೇವರಿಗೆ ಆಮೇಲೆ ಹೇಳು, ಮೊದಲು ಆ ದಿನ ನೀನು ಮಾಡಬೇಕಾದದ್ದನ್ನು ಯಾರ್ಯಾರು ಮಾಡಿದರೋ ಅವರ ಮನೆಗೆ ಹೋಗಿ ಹೇಳಿ ಬಾ ಎಂದರು. ಮೊದಲು ಅತ್ತೆಯ ಮನೆಗೇ ಹೋದೆ. ಬಾಗಿಲಲ್ಲೇ ನಿಂತು, 'ಅಕ್ಕಾ, ನನ್ನ ಮಗಳನ್ನ ಸಾಕಿದ್ದಕ್ಕೆ ನಿನಗೆ ಕೈ ಮುಗೀತೀನಿ' ಎಂದೆ. ಅವಳು ಹತ್ತಿರ ಬಂದು ನನ್ನ ಬಾಯಿ ಮೂಸಿ ನೋಡಿ, 'ಮತ್ತೆ ಶುರು ಹಚ್ಕೊಂಡ್ಯಾ?' ಎಂದಳು! ಕುಡಿದಿಲ್ಲ ಎಂದು ಖಾತ್ರಿಯಾದ ಮೇಲೆ ಒಳಗೆ ಹೋಗಿ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡತೊಡಗಿದಳು. ಅವಳು ಅಳುವಾಗ ಪಾತ್ರೆ ತೊಳೆಯುತ್ತಾಳೆ, ನಿನಗೇ ಗೊತ್ತಲ್ಲ.

ಆಮೇಲೆ ನಿನ್ನ ಶಾಲೆಯ ಆಯಾಳನ್ನು ಹುಡುಕಿಕೊಂಡು ಹೋದೆ. ಆ ದಿನ ನಿನ್ನ ಜೊತೆ ಕೂತಿದ್ದವಳು ಅವಳೇ ಎಂದು ಅತ್ತೆ ಹೇಳಿದ್ದಳು. ಈಗ ಕೆಲಸ ಬಿಟ್ಟು ಅಳಿಯನ ಮನೆಯಲ್ಲಿದ್ದಾಳೆ. ಮೊರದಲ್ಲಿ ಬಟಾಣಿ ಬಿಡಿಸುತ್ತಾ ಕೂತಿದ್ದಳು. ಮೊದಲು ನನ್ನ ಗುರುತು ಹತ್ತಲಿಲ್ಲ, ಬೆಂಚಿನ ವಿಷಯ ಹೇಳಿದ ಕೂಡಲೇ ಬಟಾಣಿ ಬಿಡಿಸುವುದನ್ನು ನಿಲ್ಲಿಸಿದಳು. ನಾನು ವಂದನೆ ಹೇಳಿದ್ದು ಅವಳ ಕಿವಿಗೇ ಬೀಳಲಿಲ್ಲವೇನೋ, ತನ್ನ ಪಾಡಿಗೆ ಹೇಳುತ್ತಾ ಹೋದಳು. ಊಟದ ಡಬ್ಬಿ ಬಿಚ್ಚು ಎಂದರೆ ನೀನು ಬಿಚ್ಚಲಿಲ್ಲವಂತೆ, ಅಪ್ಪನೂ ತಿಂದಿರುವುದಿಲ್ಲ, ಬಂದ ಮೇಲೆ ಇಬ್ಬರೂ ತಿನ್ನುತ್ತೇವೆ ಎಂದೆಯಂತೆ. ಮೂರು ಗಂಟೆ ಆದಾಗ ಅವಳೇ ತಾಳಲಾರದೆ 'ಎಂಥಾ ಅಪ್ಪನಮ್ಮಾ ನಿಂದು' ಎಂದಳಂತೆ. ಅದಕ್ಕೆ ನೀನು ಸಿಡಿಮಿಡಿಗೊಂಡು, 'ನಮ್ಮಪ್ಪಂಗೆ ಏನೂ ಅನ್ಬೇಡಿ. ಬರ್ತೀನಿ ಅಂದ್ರೆ ಬರ್ತಾರೆ ಅವರು' ಎಂದೆಯಂತೆ.

ಇಷ್ಟು ವರ್ಷ ನಾನು ತಿಳಿದದ್ದು ಬೇರೆ. ನೀನು ಆ ಬೆಂಚಿನ ಮೇಲೆ ನನ್ನನ್ನು ಶಪಿಸುತ್ತಾ ಕೂತಿದ್ದೆ ಎಂದುಕೊಂಡಿದ್ದೆ. ಹಾಗೆ ಅಂದುಕೊಂಡರೆ ಒಂದು ಥರ ತಡೆದುಕೊಳ್ಳಬಹುದಿತ್ತು. ಇದನ್ನು ತಡೆದುಕೊಳ್ಳಲು ಆಗುತ್ತಿಲ್ಲ ಕಣೇ. ಆ ಆಯಾಳ ಮುಂದೆಯೇ, ಅವಳ ಅಳಿಯ ಮೊಮ್ಮಕ್ಕಳು ನೋಡುತ್ತಿರುವ ಹಾಗೇ, ಐವತ್ತೆಂಟು ವರ್ಷದ ಗಂಡಸು ಹೋ ಎಂದು ಅತ್ತುಬಿಟ್ಟೆ. ಅವಳು ನೀರು ತಂದುಕೊಟ್ಟಳು. ನಾನು ಹೊರಡುವಾಗ 'ಆ ಮಗು ಈಗ ಸರಿಯಾಗಿ ಊಟ ಮಾಡುತ್ತಾ?' ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ಆ ಉತ್ತರ ನಿಜವಾಗಿತ್ತು.

ನಿನ್ನೆ ಭಾನುವಾರ ಸಭೆಯಲ್ಲಿ ಎದ್ದು ನಿಂತೆ. ಜನ ಹಳೆಯ ಸಾಕ್ಷಿಯೇ ಎಂದು ಕರವಸ್ತ್ರ ಕೈಗೆ ತೆಗೆದುಕೊಂಡರು. ನಾನು ಹೇಳಿದೆ, 'ನನ್ನ ಮಗಳು ನನ್ನನ್ನು ಕ್ಷಮಿಸಿಲ್ಲ. ಕ್ಷಮಿಸಿದ್ದಾಳೆ ಎಂದು ನಾನು ಇಷ್ಟು ದಿನ ಹೇಳಿದ್ದು ಸುಳ್ಳು. ಅವಳ ಕಥೆಯನ್ನು ಇನ್ನು ಮುಂದೆ ಎಲ್ಲಿಯೂ ಹೇಳುವುದಿಲ್ಲ.' ಮುಂದಿನ ಸಾಲಿನ ತಾತ ಒಬ್ಬರು ಅಭ್ಯಾಸಬಲದಿಂದ 'ಸ್ತೋತ್ರ!' ಎಂದುಬಿಟ್ಟರು, ಅಜ್ಜಿ ಅವರ ಪಕ್ಕೆಗೆ ತಿವಿದರು. ಚಪ್ಪಾಳೆ ಬೀಳಲಿಲ್ಲ. ಸಭೆ ಮುಗಿದ ಮೇಲೆ ಕೆಲವರು ಮುಖ ತಿರುಗಿಸಿಕೊಂಡು ಹೋದರು. ಅದು ಅವರ ತಪ್ಪಲ್ಲ.

ಹೇಳಿದ ಮೇಲೆ ಮನಸ್ಸು ಹಗುರಾಯಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಹಗುರಾಗಿಲ್ಲ. ಆದರೆ ಇವತ್ತು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲು ಪ್ರಾರ್ಥನೆಗೆ ಕೂತಾಗ, ನನಗಾಗಿ ಏನೂ ಬೇಡಲಿಲ್ಲ. ನನಗೆ ಇದೇ ಮೊದಲು. ಆ ಸಂಜೆ ಶಾಲೆಯವರೆಗೆ ಹೋಗಲು ಅತ್ತೆಯ ಕಾಲಿಗೆ ಶಕ್ತಿ ಕೊಟ್ಟೆಯಲ್ಲ, ವಂದನೆ ಎಂದೆ. ಆ ಆಯಾ ಮನೆಗೆ ಹೋಗದೆ ಕೂತಳಲ್ಲ, ವಂದನೆ. ಒಂಬತ್ತು ವರ್ಷದ ಮಗುವಿನ ಎದೆಯಲ್ಲಿ ಅಷ್ಟು ನಂಬಿಕೆ ಇಟ್ಟಿದ್ದೆಯಲ್ಲ ದೇವರೇ, ವಂದನೆ. ಅದನ್ನು ಇಟ್ಟವನು ಅವನು, ಕೆಡಿಸಿದವನು ನಾನು. ಆಮೇಲೆ ಸುಮ್ಮನೆ ಕೂತಿದ್ದೆ. ಯೇಸುಸ್ವಾಮಿಯೂ ಜೊತೆಗೆ ಸುಮ್ಮನೆ ಕೂತಿದ್ದಾನೆ ಎನಿಸಿತು. ಎದೆಯಲ್ಲಿರುವ ಗಾಯ ಮಾಯುವುದಾದರೆ ಹೀಗೇ ನಿಧಾನವಾಗಿ ಮಾಯುತ್ತದೇನೋ, ಗೊತ್ತಿಲ್ಲ. ನಿನ್ನದು ನನ್ನದಕ್ಕಿಂತ ಮೊದಲು ಮಾಯಲಿ ಎನ್ನುವುದೊಂದೇ ಆಸೆ, ಮಗಳೇ.

ಇನ್ನು ಸಾಕು, ಕುರ್ಚಿಗಳು ಕಾಯುತ್ತಿವೆ. ಆ ಹುಡುಗನಿಗೂ ಅವನ ಮನೆಯವರಿಗೂ ನನ್ನ ನಮಸ್ಕಾರ ತಿಳಿಸು. ತಿಳಿಸಲು ಮನಸ್ಸಾಗದಿದ್ದರೆ ಬಿಡು. ಕರ್ತನು ನಿನ್ನ ಬೆನ್ನ ಹಿಂದೆಯೂ ಮುಂದೆಯೂ ಇದ್ದು ನಿಮ್ಮಿಬ್ಬರ ಮನೆಯನ್ನು ತುಂಬಿಸಲಿ.

ನಿನ್ನ ಅಪ್ಪ

ಮರೆತಿದ್ದೆ, ಕವರಿಗೆ ಅಂಟು ಹಚ್ಚುವ ಮೊದಲು ಬರೆಯುತ್ತೇನೆ. ಮದುವೆಯ ದಿನ ನಿನ್ನ ಕೈ ಹಿಡಿದು ಒಳಗೆ ಕರೆತರಬೇಕಾದವಳು ನಿನ್ನ ಅತ್ತೆ. ನಾನೇ ಹೋಗಿ ಅವಳಿಗೆ ಹೇಳಿ ಬಂದಿದ್ದೇನೆ. 'ಅದು ಗಂಡಸರು ಮಾಡೋ ಕೆಲಸ ಕಣೋ' ಎಂದಳು. ಗಂಡಸು ಮಾಡಬೇಕಾದದ್ದನ್ನೆಲ್ಲ ಇಷ್ಟು ದಿನ ಮಾಡಿದವಳು ನೀನೇ ಅಲ್ಲವಾ ಎಂದೆ, ಮತ್ತೆ ಪಾತ್ರೆ ತೊಳೆಯಲು ಹೋದಳು. ಪಾಸ್ಟರೂ ಒಪ್ಪಿದ್ದಾರೆ. ನನ್ನನ್ನು ಕರೆಯಬೇಕೋ ಬೇಡವೋ ಎಂದು ನೀನು ಒಂದು ನಿದ್ದೆಯನ್ನೂ ಕೆಡಿಸಿಕೊಳ್ಳಬೇಡ. ನಾನು ಬರುವುದಿಲ್ಲ. ಆ ದಿನ ನೀನು ಬಾಗಿಲ ಕಡೆ ತಿರುಗಿ ನೋಡುವ ಹಾಗಾಗಬಾರದು. ಮಗಳ ಮದುವೆಗೆ ಯಾಕೆ ಹೋಗಲಿಲ್ಲ ಎಂದು ಜನ ಕೇಳಿದರೆ, ಹುಷಾರಿರಲಿಲ್ಲ ಎನ್ನುವುದಿಲ್ಲ, ಕೆಲಸವಿತ್ತು ಎನ್ನುವುದಿಲ್ಲ. ಅವಳು ಕೇಳಲು ಬಂದಿದ್ದಳು, ನಾನೇ ಕಳೆದುಕೊಂಡೆ ಎಂದು ಹೇಳುತ್ತೇನೆ.