ಮುಂದಿನ ವರ್ಷ ಬರುವ ಆಟಗಳು

ಕುಶಾಲನಗರ
೨೧ ಡಿಸೆಂಬರ್ ೧೯೫೮, ಭಾನುವಾರ

ಇನ್ನೂ ಮುಖ ತೋರಿಸದ ನನ್ನ ಕೂಸಿಗೆ,

ಮೊದಲೇ ಹೇಳಿಬಿಡುತ್ತೇನೆ, ಈ ಕಾಗದದ ವಿಷಯ ನಿಮ್ಮಜ್ಜಿಗೆ ಗೊತ್ತಿಲ್ಲ. ಹುಟ್ಟುವ ಮುಂಚೆ ಮಗುವಿಗೆಂದು ಏನನ್ನೂ ಮನೆಯೊಳಕ್ಕೆ ತರಬಾರದು ಎನ್ನುವುದು ನಮ್ಮ ಮನೆಯ ಕಟ್ಟಳೆ. ಬಟ್ಟೆ ಹೊಲಿಸುವಂತಿಲ್ಲ, ತೊಟ್ಟಿಲನ್ನು ಅಟ್ಟದಿಂದ ಇಳಿಸುವಂತಿಲ್ಲ, ಹೆಸರನ್ನಂತೂ ಬಾಯಲ್ಲಿ ಆಡುವಂತಿಲ್ಲ. ಕಾಗದವೂ ಸಾಮಾನಿನ ಲೆಕ್ಕಕ್ಕೆ ಬರುತ್ತದೆಯೇ ಎಂದು ಅಜ್ಜಿಯನ್ನು ಕೇಳಬಹುದಿತ್ತು. ಬರುತ್ತದೆ ಅಂದುಬಿಟ್ಟರೆ ಏನು ಗತಿ ಎಂದು ಕೇಳಲಿಲ್ಲ. ಅಂಗಡಿಯಲ್ಲೇ ಕೂತು ಬರೆಯುತ್ತಿದ್ದೇನೆ, ಬರೆದು ಇಲ್ಲೇ ಇಡುತ್ತೇನೆ.

ಇದು ಆಟದ ಸಾಮಾನಿನ ಅಂಗಡಿ. ವಾರವೆಲ್ಲ ಇಲ್ಲಿ, ಬಸ್ ಸ್ಟ್ಯಾಂಡಿನ ಎದುರು. ಶನಿವಾರ ಮಾತ್ರ ಎರಡು ಟ್ರಂಕು ತುಂಬಿಕೊಂಡು ಶನಿವಾರಸಂತೆಗೆ ಹೋಗುತ್ತೇನೆ. ಹಾಸನದ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದ ನಿಮ್ಮಜ್ಜ, ಮಗ ಬುಗುರಿ ಮಾರಲು ಕೂತದ್ದನ್ನು ನೋಡಿ ಹಣೆ ಚಚ್ಚಿಕೊಂಡಿದ್ದರು. ಅವರು ಈಗಿಲ್ಲ. ಇದ್ದಿದ್ದರೆ ಎಲ್ಲರಿಗಿಂತ ಮೊದಲು ಬಂದು ಬುಗುರಿ ಆಡಿಸುತ್ತಿದ್ದವರು ಅವರೇ.

ಈ ಕಸುಬಿನಲ್ಲಿ ಡಿಸೆಂಬರ್ ಬಂತೆಂದರೆ ನಿದ್ದೆ ಕಡಿಮೆ. ಮುಂದಿನ ವರ್ಷ ಮಕ್ಕಳು ಯಾವುದಕ್ಕೆ ಹಟ ಹಿಡಿಯುತ್ತಾರೆ ಎನ್ನುವುದನ್ನು ಈಗಲೇ ಊಹಿಸಿ ಆರ್ಡರ್ ಫಾರಂ ತುಂಬಿ ಕಳಿಸಬೇಕು. ಬೆಂಗಳೂರಿನಿಂದ ಏಜೆಂಟರು ಕ್ಯಾಟಲಾಗ್ ಹಿಡಿದು ಬರುತ್ತಾರೆ. ಅವರು ಬಂದರೆ ನಮ್ಮ ಬೀದಿಯ ದೊಡ್ಡವರೂ ಏನೋ ನೆಪ ಮಾಡಿಕೊಂಡು ಅಂಗಡಿಗೆ ನುಗ್ಗುತ್ತಾರೆ. ಸುಂಟಿಕೊಪ್ಪದ ಕಡೆ ಕಾಫಿ ತೋಟವಿರುವ ಉತ್ತಯ್ಯನವರು ಈ ಸಲ ಕಾರು ನಿಲ್ಲಿಸಿ ಇಳಿದೇ ಬಂದರು. "ಎಂತ ನಾಗರಾಜು, ಬರುವ ವರ್ಷಕ್ಕೆ ಹೊಸತು ಎಂತ ಉಂಟು?" ಎಂದು ಮೊಮ್ಮಕ್ಕಳ ಹೆಸರಿನಲ್ಲಿ ವಿಚಾರಿಸಿದರು. ಪುಟ ತಿರುವುವಾಗ ಅವರ ಕಣ್ಣಿನಲ್ಲಿ ಮೊಮ್ಮಕ್ಕಳು ಯಾರೂ ಇರಲಿಲ್ಲ.

ನಿನಗೂ ಹೇಳುತ್ತೇನೆ ಕೇಳು. ಬರುವ ವರ್ಷ ಪ್ಲಾಸ್ಟಿಕ್ಕಿನ ಕಾಲವಂತೆ. ಗೊಂಬೆ, ಕುದುರೆ, ಗೋಲಿ ತುಂಬುವ ಡಬ್ಬಿ, ಎಲ್ಲವೂ ಅದರದ್ದೇ. ಬಿದ್ದರೆ ಒಡೆಯುವುದಿಲ್ಲ ಎಂದು ತೋರಿಸಲು ಏಜೆಂಟರು ಒಂದು ಬಾತುಕೋಳಿಯನ್ನು ನೆಲಕ್ಕೆ ಎಸೆದರು. ಅದರ ಕೊಕ್ಕು ಹಾರಿಹೋಯಿತು. ಕೀಲಿ ಕೊಡುವ ತಗಡಿನ ಕಾರು ಹಳೆಯದಾಯಿತು, ಇನ್ನು ಟಾರ್ಚಿನ ಸೆಲ್ಲು ಹಾಕಿ ಓಡಿಸುವ ಕಾರು ಬರುತ್ತದೆ. ಕೇರಂ ಬೋರ್ಡಿಗೆ ಎಲ್ಲ ಕಡೆ ಬೇಡಿಕೆ ಏರುತ್ತಿದೆಯಂತೆ. ನಮ್ಮ ಕೊಡಗಿನಲ್ಲಿ ಹಾಕಿ ಸ್ಟಿಕ್ಕಿನ ಮುಂದೆ ಅದರ ಆಟ ನಡೆಯದು ಎಂದೆ, ಅವರು ನಂಬಲಿಲ್ಲ.

ನನಗೆ ಹಿಡಿಸಿದ್ದು ಒಂದು ಹೊಸ ಹಾವು ಏಣಿ. ಏಣಿಯ ಬದಲು ಅದರಲ್ಲಿ ರಾಕೆಟ್ಟು, ಹಾವಿನ ಬದಲು ಧೂಮಕೇತು, ನೂರನೇ ಮನೆಯಲ್ಲಿ ಚಂದ್ರ. ರಷ್ಯಾದವರು ಆಕಾಶಕ್ಕೆ ಚೆಂಡು ಹಾರಿಸಿದ ಮೇಲೆ ಮಕ್ಕಳಿಗೆ ನೆಲದ ಆಟ ರುಚಿಸುವುದಿಲ್ಲವಂತೆ. ಶಿವರಾತ್ರಿಯ ಹೊತ್ತಿಗೆ ಅಂಗಡಿಗಳಿಗೆ ಬರುತ್ತದೆ ಎಂದರು. ಸೂಲಗಿತ್ತಿ ಗಂಗಮ್ಮ ನಿನಗೆ ಕೊಟ್ಟಿರುವ ಗಡುವೂ ಅದೇ. ಹೋಗುವ ಮುಂಚೆ ಅವರು ಇನ್ನೊಂದು ಸುದ್ದಿ ಬಿಟ್ಟರು. ಯಾವುದೋ ದೇಶದಲ್ಲಿ ಗಾಜಿನ ಪರದೆಯ ಮೇಲೆ ಬೆಳಕಿನ ಚುಕ್ಕೆಯೊಂದನ್ನು ಚೆಂಡು ಮಾಡಿಕೊಂಡು, ಗುಂಡಿ ಒತ್ತಿ ಒತ್ತಿ ಇಬ್ಬರು ಆಡುತ್ತಾರಂತೆ. ಮುಟ್ಟಲು ಚೆಂಡೇ ಇಲ್ಲವಂತೆ. ಬಾತುಕೋಳಿಯ ಕೊಕ್ಕನ್ನು ನೋಡಿದ್ದ ನಾನು ಇದನ್ನೂ ನಂಬಲಿಲ್ಲ. ನಿಜವೇ ಆಗಿದ್ದರೆ ಅದು ನಮ್ಮ ಬಸ್ ಸ್ಟ್ಯಾಂಡ್ ತಲುಪುವ ಹೊತ್ತಿಗೆ ನೀನು ದೊಡ್ಡವನೋ ದೊಡ್ಡವಳೋ ಆಗಿರುತ್ತೀಯ. ಆಗ ನನಗೂ ಕಲಿಸು.

ಇಷ್ಟೆಲ್ಲ ಹೇಳಿದ್ದು ಒಂದು ಮಾತನ್ನು ಹೇಳಲಾರದೆ. ಈಗ ಹೇಳುತ್ತೇನೆ. ನಿನಗಿಂತ ಮುಂಚೆ ಒಂದು ಮಗು ಈ ಮನೆಗೆ ಬರುವುದಿತ್ತು. ಮೂರು ವರ್ಷದ ಹಿಂದಿನ ಮಾತು. ನಿಮ್ಮಮ್ಮ ಮಹಾದೇವಮ್ಮನಿಗೆ ಆಗ ಏಳು ತಿಂಗಳು. ಅಂಗಡಿಗೆ ಚನ್ನಪಟ್ಟಣದ ಗಿಲಕಿಗಳು ಬಂದಿದ್ದವು. ಕೆಂಪು, ಹಳದಿ ಅರಗು ಮೆತ್ತಿದ ಒಂದನ್ನು ಜೇಬಿಗೆ ಹಾಕಿಕೊಂಡು ಮನೆಗೆ ಒಯ್ದೆ. ನಿಮ್ಮಜ್ಜಿ ಹುಚ್ಚಮ್ಮ ಬಾಗಿಲಲ್ಲೇ ತಡೆದರು. "ಉಸಿರು ಬರದಿರೋ ಮಗೀಗೆ ಸಾಮಾನು ತರಬ್ಯಾಡ ಕಣ್ಲಾ, ವಾಪಸ್ಸು ತಕಂಡೋಗು" ಎಂದರು. ನಾನು ನಕ್ಕು, ಒಳಗೆ ಹೋಗಿ ನಿಮ್ಮಮ್ಮನ ಕೈಗೆ ಕೊಟ್ಟುಬಿಟ್ಟೆ. ಮಗು ಹುಟ್ಟಿತು, ಅಳಲಿಲ್ಲ. ಗಂಗಮ್ಮ ಕಾಲು ಹಿಡಿದು ತಟ್ಟಿದಳು, ನೀರು ಚಿಮುಕಿಸಿದಳು. ಅಳಲೇ ಇಲ್ಲ.

ನಿಮ್ಮಜ್ಜಿ ಒಂದು ಮಾತು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ಗಿಲಕಿಯನ್ನು ಒಯ್ದು ಕಾವೇರಿಗೆ ಎಸೆದೆ. ಮರದ್ದಲ್ಲವೇ, ಮುಳುಗಲಿಲ್ಲ. ಕಾಣುವಷ್ಟು ದೂರ ಕೆಂಪಗೆ ತೇಲಿಕೊಂಡು ಹೋಯಿತು. ನಾನೇ ಕೊಂದೆ ಎಂದು ಅವತ್ತು ನನ್ನ ಮನಸ್ಸಿಗೆ ಬಂತು. ಆ ಮಾತು ಆಮೇಲೆ ಮನಸ್ಸು ಬಿಟ್ಟು ಹೋಗಲೇ ಇಲ್ಲ.

ಈ ವರ್ಷ ನೀನು ಬರುವ ಸುದ್ದಿ ತಿಳಿದದ್ದೇ ಅಂಗಡಿಯಲ್ಲಿದ್ದ ಗಿಲಕಿಗಳನ್ನೆಲ್ಲ ಬೇರೆ ವ್ಯಾಪಾರಿಗೆ ಸಾಗಹಾಕಿದೆ. ಮನೆಗೆ ಒಯ್ಯುವುದು ಬೇಡ, ನನ್ನ ಕಣ್ಣಿಗೂ ಬೀಳುವುದು ಬೇಡ ಎಂದು. ಫಾರಂ ತುಂಬಲು ಕೂತಾಗ ಎಳೆಮಕ್ಕಳ ಸಾಮಾನಿನ ಪುಟವನ್ನು ತೆರೆಯಲೇ ಇಲ್ಲ. ಕೇಳಿದವರಿಗೆಲ್ಲ ಸ್ಟಾಕ್ ಇಲ್ಲ ಎನ್ನುತ್ತಿದ್ದೆ. ಶನಿವಾರಸಂತೆಯಲ್ಲಿ ಕಾಳಮ್ಮ ಎನ್ನುವ ಮುದುಕಿ ಮೊಮ್ಮಗಳಿಗೆ ಗಿಲಕಿ ಬೇಕೆಂದು ಮೂರು ವಾರ ಬಂದಳು. ಮೂರನೇ ವಾರ "ಆಟದ್ ಅಂಗಡಿ ಅಂತೀಯ, ಕೂಸಿಗೊಂದು ಗಿಲಕಿ ಇಲ್ವಲ್ಲಪ್ಪ" ಎಂದು ಗೊಣಗಿಕೊಂಡು ಹೋದಳು. ಅವಳ ಬೆನ್ನು ನೋಡುತ್ತಾ ನಿಂತೆ.

ಮೊನ್ನೆ ಬುಧವಾರ ನಿಮ್ಮಮ್ಮ ಮಧ್ಯಾಹ್ನದ ಬುತ್ತಿ ತಂದವಳು ಖಾಲಿ ಹಲಗೆಯನ್ನು ನೋಡಿದಳು. "ಇಲ್ಲಿದ್ದ ಗಿಲಕಿ ಎಲ್ಲಿ?" ಎಂದಳು. ಮೂರು ವರ್ಷ ಮುಚ್ಚಿಟ್ಟಿದ್ದನ್ನೆಲ್ಲ ಅವಳ ಮುಂದೆ ಹೇಳಿಬಿಟ್ಟೆ. ನಾನೇ ಕೊಂದೆ ಎನ್ನುವ ಮಾತನ್ನೂ ಹೇಳಿದೆ. ಅವಳು ನಿನ್ನ ಭಾರ ಹೊತ್ತು ಮೆಲ್ಲಗೆ ಸ್ಟೂಲಿನ ಮೇಲೆ ಕೂತಳು.

"ಆ ಗಿಲಕಿನ ನಾನು ದಿನಾ ಹೊಟ್ಟೆ ಹತ್ರ ಹಿಡ್ಕೊಂಡು ಆಡಿಸ್ತಿದ್ದೆ" ಎಂದಳು. "ಸದ್ದು ಮಾಡಿದ್ರೆ ಒದೀತಿತ್ತು. ನಿಲ್ಸಿದ್ರೆ ಸುಮ್ನಾಗ್ತಿತ್ತು. ಮತ್ತೆ ಆಡಿಸಿದ್ರೆ ಮತ್ತೆ ಒದೀತಿತ್ತು. ಅದು ಆಟ ಆಡ್ತಿತ್ತು ಕಣ್ರೀ. ನೀವು ತಂದಿದ್ದು ಒಂದೇ ಅದಕ್ಕೆ ಸಿಕ್ಕಿದ್ದು."

ಕೂಸೇ, ನಾನು ಅಂಗಡಿಯ ಅರ್ಧ ಬಾಗಿಲು ಎಳೆದು ಅತ್ತೆ. ಗಿರಾಕಿಯೊಬ್ಬ ಬಂದು ಹೊರಗೆ ನಿಂತು ಕೆಮ್ಮಿ ಹೋದ. ನಿನ್ನ ಅಣ್ಣನೋ ಅಕ್ಕನೋ ಆಟವಾಡಿ ಹೋಗಿದೆ ಎನ್ನುವುದು ನನಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದೆ ಮೂರು ವರ್ಷ ಎಷ್ಟು ಸಾಮಾನು ಮಾರಿದೆನೋ.

ಮಾರನೆಯ ದಿನ ಫಾರಂ ತುಂಬಿದೆ. ರಾಕೆಟ್ಟಿನ ಆಟ ಎರಡು ಡಜನ್, ಕೊಕ್ಕಿರುವ ಬಾತುಕೋಳಿ ಅರ್ಧ ಡಜನ್, ಗಿಲಕಿ ಐದು ಡಜನ್. ಊರ ಮಕ್ಕಳಿಗೆಲ್ಲ ಬರೆದೆ, ನಿನಗೆಂದು ಒಂದನ್ನೂ ಬರೆಯಲಿಲ್ಲ. ಧೈರ್ಯ ಅಷ್ಟು ಬೇಗ ಬರುವುದಿಲ್ಲ. ಕಾಳಮ್ಮನಿಗೆ ಮಾತ್ರ ಮೈಸೂರಿನಿಂದ ಒಂದು ಗಿಲಕಿ ತರಿಸಿ ನಿನ್ನೆ ಸಂತೆಯಲ್ಲಿ ಕೊಟ್ಟೆ. ಅಲ್ಲೇ ಆಡಿಸಿ ನೋಡಿದಳು, ಸದ್ದು ಕಡಿಮೆ ಎಂದಳು.

ನಿನ್ನೆ ಸಂಜೆ ಸಂತೆಯಿಂದ ಬಂದಾಗ ನಿಮ್ಮಜ್ಜಿ ನನ್ನನ್ನು ಹಿತ್ತಿಲ ಸೌದೆ ಕೊಟ್ಟಿಗೆಗೆ ಕರೆದರು. ಸೌದೆ ಸರಿಸಿ ಗೋಣಿಯಲ್ಲಿ ಸುತ್ತಿದ್ದ ಒಂದು ಹಲಸಿನ ಹಲಗೆಯನ್ನು ಎಳೆದರು. ಅಳಗುಳಿಮಣೆ. ದೀಪಾವಳಿಯಲ್ಲೇ ಬಡಗಿ ಜಯಪ್ಪನಿಗೆ ಹೇಳಿ ಮಾಡಿಸಿದ್ದರಂತೆ. ಹುಣಸೆ ಬೀಜ ತುಂಬಿ ಆಡುವ ಗುಳಿಗಳನ್ನು ಕೈಯಾಡಿಸಿ ಎಣಿಸಿದೆ. ಒಂದು ಸಾಲಿನಲ್ಲಿ ಏಳು, ಇನ್ನೊಂದರಲ್ಲಿ ಆರೇ. ಏಳನೆಯದರ ಜಾಗದಲ್ಲಿ ಮರ ಸಪಾಟಾಗಿತ್ತು.

"ಇದಿನ್ನೂ ಮಣೆ ಅಲ್ಲ ಕಣ್ಲಾ, ಬರೀ ಹಲಗೆ" ಎಂದರು. "ಹದಿಮೂರು ಗುಳೀಲಿ ಯಾವನಾರ ಆಟ ಆಡ್ತಾನಾ? ಮಗು ಬಂದು ಅತ್ತ ಮ್ಯಾಲೆ ಇನ್ನೊಂದು ತೋಡಿದ್ರೆ ಆಯ್ತು. ಅವತ್ತು ಮಣೆ ಆಯ್ತದೆ, ಅವತ್ತು ಒಳಕ್ ತರಾನ." ನನ್ನ ಮುಖ ನೋಡದೆ ಗೋಣಿಯನ್ನು ಮತ್ತೆ ಸುತ್ತಿದರು. ಸುತ್ತಿದ್ದನ್ನು ಬಿಚ್ಚಿ ಇನ್ನೊಂದು ಸಲ ಬಿಗಿಯಾಗಿ ಸುತ್ತಿ, ಕಾಣದ ಹಾಗೆ ಮೇಲೆ ಸೌದೆ ಒಟ್ಟಿದರು. ಆ ಕಟ್ಟಳೆಯನ್ನು ಅವರು ಹೆದರಿಕೊಂಡೇ ಕಾಯುತ್ತಿದ್ದಾರೆ ಎನ್ನುವುದು ನಿನ್ನೆಯವರೆಗೆ ನನಗೆ ತಿಳಿದಿರಲಿಲ್ಲ.

ಇವತ್ತು ಬೆಳಿಗ್ಗೆ ಜಯಪ್ಪನ ಹತ್ತಿರ ಹೋಗಿ, ಆ ಕೊನೆಯ ಗುಳಿಯನ್ನು ನಾನೇ ತೋಡುತ್ತೇನೆ ಎಂದೆ. ಒಂದು ಉಳಿಯನ್ನೂ ಮೂರು ತುಂಡು ಮರವನ್ನೂ ಕೊಟ್ಟು "ಮೊದ್ಲು ಇದರ ಮೇಲೆ ಕೈ ಕೂರಿಸಿಕೊಳ್ಳಿ" ಎಂದ. ಎರಡು ತುಂಡು ಆಗಲೇ ಹಾಳಾಗಿವೆ, ಗುಳಿ ಓರೆಯಾಗುತ್ತಿದೆ. ಇನ್ನೂ ಎರಡು ತಿಂಗಳಿದೆ. ಓರೆಯಾದರೂ ಅದು ನಿನ್ನದೇ, ಬೀಜ ಅಲ್ಲಿಂದಲೇ ತೆಗೆದು ಆಟ ಶುರು ಮಾಡು.

ಮುಂದಿನ ವರ್ಷ ಬರುವುದರಲ್ಲಿ ನಾನು ದಿನ ಎಣಿಸುತ್ತಿರುವುದು ಒಂದಕ್ಕೇ. ಚೆನ್ನಾಗಿರು. ಬರುವಾಗ ಅಳುತ್ತಾ ಬಾ ಕೂಸೇ, ಬಸ್ ಸ್ಟ್ಯಾಂಡಿನವರಿಗೆಲ್ಲ ಕೇಳುವ ಹಾಗೆ ಅಳುತ್ತಾ ಬಾ.

ಉಳಿ ಮಸೆದು ಕಾಯುತ್ತಿರುವ,
ನಿನ್ನ ಅಪ್ಪ
ನಾಗರಾಜು