ಖಾಲಿ ಸೀಟಿನ ಪಕ್ಕ ನಿಂತವರು

ಅರಿಶಿನಕುಂಟೆ
೧೬ ನವೆಂಬರ್ ೨೦೨೫, ಭಾನುವಾರ

ತ್ಯಾಮಗೊಂಡ್ಲು ಬಸ್ಸಿನ ಮುಂದಿನ ಸೀಟಿನ ಖಾಯಂ ಒಡೆಯರೂ, ನಮ್ಮ ಮನೆಯ ಹಿರಿತಲೆಯೂ, ನನ್ನ ಕಿವಿ ಹಿಂಡಲು ಅಧಿಕಾರವುಳ್ಳ ಏಕೈಕ ವ್ಯಕ್ತಿಯೂ ಆದ ಮುನಿವೆಂಕಟಪ್ಪ ತಾತನವರ ಸನ್ನಿಧಾನಕ್ಕೆ ಮೊಮ್ಮಗಳು ಸಿಂಚನ ಮಾಡುವ ಸಾಷ್ಟಾಂಗ ನಮಸ್ಕಾರಗಳು. (ಬರೆದಿರುವುದು ಸಾಷ್ಟಾಂಗ, ಕೂತಿರುವುದು ಕುರ್ಚಿಯ ಮೇಲೆ. ಮನ್ನಿಸತಕ್ಕದ್ದು.)

ಇದು ಅತ್ಯಂತ ಗಂಭೀರವಾದ ಕಾಗದವಾದ್ದರಿಂದ ತಮ್ಮನ್ನು ‘ತಾವು’ ಎಂದೇ ಕರೆಯುತ್ತೇನೆ. ಮನೆಗೆ ಬಂದ ಮೇಲೆ ಎಂದಿನಂತೆ ‘ನೀನು’. ಫೋನಿರುವಾಗ ಕಾಗದವೇಕೆ ಎಂದು ತಾವು ಹುಬ್ಬೇರಿಸಬಹುದು. ಅಲ್ಲಿ ತಮ್ಮ ತಂಗಿ ಚಿಕ್ಕಜ್ಜಿ ಫೋನನ್ನು ಸ್ಪೀಕರಿಗೆ ಹಾಕಿ ಅರ್ಧ ತ್ಯಾಮಗೊಂಡ್ಲುವಿಗೆ ಕೇಳಿಸುತ್ತಾರೆ. ಇಲ್ಲಿ ನಾನು ಫೋನು ಎತ್ತಿದರೆ ಅಪ್ಪ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ. ಹಾಗಾಗಿ ಇದನ್ನು ವೀಳ್ಯದೆಲೆಯ ಕಟ್ಟಿನೊಳಗೆ ಮಡಚಿಟ್ಟು, ನಾಳೆ ಕಂಡಕ್ಟರ್ ದೇವರಾಜಣ್ಣನ ಕೈಲಿ ಕಳಿಸುತ್ತಿದ್ದೇನೆ. ಚಿಕ್ಕಜ್ಜಿಗೆ ಎಲೆ ಮಾತ್ರ ತೋರಿಸತಕ್ಕದ್ದು.

ವಿಷಯ: ತಮ್ಮ ದೇಹದಲ್ಲಿ ಎಪ್ಪತ್ತೇಳು ವರ್ಷಗಳಿಂದ ಬಾಡಿಗೆ ಕೊಡದೆ ವಾಸವಾಗಿರುವ ಶ್ರೀಮಾನ್ ನೆಲ್ಲಿಕಾಯಿಯವರನ್ನು ಬರುವ ಗುರುವಾರ ಒಕ್ಕಲೆಬ್ಬಿಸುವ ಬಗ್ಗೆ.

ಆ ಗ್ರಂಥಿಯ ನಿಜವಾದ ಹೆಸರು ಪ್ರಾಸ್ಟೇಟ್. ಮನೆಯಲ್ಲಿ ಅದನ್ನು ಹೇಳಲು ಯಾರಿಗೂ ಬಾಯಿಲ್ಲ. ಅಪ್ಪ ‘ಆ ಭಾಗ’ ಎನ್ನುತ್ತಾರೆ, ಅಮ್ಮ ಬರೀ ‘ಅದು’ ಎನ್ನುತ್ತಾಳೆ. ಮೂತ್ರದ ಚೀಲದ ಕೆಳಗೆ ನೆಲ್ಲಿಕಾಯಿ ಗಾತ್ರದಲ್ಲಿರುತ್ತದೆ ಎಂದು ಡಾಕ್ಟರು ಹೇಳಿದ್ದರಿಂದ ನಾನೇ ಈ ಬಿರುದು ದಯಪಾಲಿಸಿದ್ದೇನೆ.

ಮೊದಲು ಮನೆಯ ಸಮಾಚಾರ. ಆಸ್ಪತ್ರೆಯ ಬ್ಯಾಗು ತಯಾರಾಗಿ ಅಜ್ಜಿಯ ಫೋಟೋದ ಕೆಳಗೆ ಕೂತಿದೆ. ಹೋಗಬೇಕಾದವರು ಇನ್ನೂ ತಂಗಿಯ ಮನೆಯಲ್ಲಿದ್ದಾರೆ, ಬ್ಯಾಗು ಮಾತ್ರ ಶುಕ್ರವಾರವೇ ಹೊರಟು ನಿಂತಿದೆ. ಕಸ ಗುಡಿಸುವಾಗ ಅಮ್ಮ ಅದರ ಸುತ್ತ ಗುಡಿಸುತ್ತಾಳೆ, ಎತ್ತುವುದಿಲ್ಲ. ಹಿಂದಿನ ಕೋಣೆಯ ರಾಗಿ ಮೂಟೆಗಳನ್ನು ಹೊರಗೆ ಹಾಕಿ ತಮಗೆ ಮಂಚ ಹಾಕಿದ್ದಾರೆ. ಮೆಡಿಕಲ್ ಸ್ಟೋರಿನಿಂದ ಅಪ್ಪ ರಬ್ಬರ್ ಶೀಟು ತಂದಿದ್ದಾರೆ. ಕೂಸುಗಳ ಕೆಳಗೆ ಹಾಸುತ್ತಾರಲ್ಲ, ಅಂಥದ್ದೇ, ಆದರೆ ಆಳುದ್ದ. ಒಂದಲ್ಲ, ಎರಡು. ಎರಡ್ಯಾಕಪ್ಪಾ ಎಂದು ಕೇಳಿದೆ. “ಆಫರ್ ಇತ್ತು ಕಣೇ” ಎಂದರು. ರಬ್ಬರ್ ಶೀಟಿಗೂ ಆಫರ್ ಬರುವ ಪುಣ್ಯಕಾಲದಲ್ಲಿ ಹುಟ್ಟಿದೆನಲ್ಲ ಎಂದು ನಾನು ಕಣ್ಮುಚ್ಚಿ ಕೈಮುಗಿದೆ. ಅಪ್ಪ ನಗಲಿಲ್ಲ. ಈಚೆಗೆ ಅವರು ನಗುವುದೇ ಇಲ್ಲ. ನನ್ನ ಫೋನು ಟಿಣ್ ಎಂದರೆ ಸಾಕು, “ಯಾರ್ದೇ ಮೆಸೇಜು?” ಎಂದು ಬರುತ್ತಾರೆ.

ಆ ಟಿಣ್ ಶಬ್ದದಿಂದಲೇ ಅಲ್ಲವೇ ಇದೆಲ್ಲ ಶುರುವಾದದ್ದು. ನಾನು ಈ ಮನೆಯ ಓಟಿಪಿ ಮಂತ್ರಿ. ಗ್ಯಾಸು, ರೇಷನ್ನು, ಬ್ಯಾಂಕು, ತಮ್ಮ ಪಿಂಚಣಿ, ಎಲ್ಲಕ್ಕೂ ಕೊಟ್ಟಿರುವುದು ನನ್ನ ನಂಬರೇ. ಕಲ್ಯಾಣ ಮಂಟಪದ ಉಚಿತ ಆರೋಗ್ಯ ಶಿಬಿರದಲ್ಲೂ ತಾವು ಅದನ್ನೇ ಬರೆಸಿದಿರಿ. ತಾವು ಹೋದದ್ದು ಬಿಪಿ ನೋಡಿಸಲು. ಉಚ್ಚೆಯ ತೊಂದರೆಯಿಲ್ಲ, ನೋವಿಲ್ಲ, ಏನೂ ಇಲ್ಲ. ಅಲ್ಲಿದ್ದ ಹುಡುಗ “ಫುಲ್ ಪ್ಯಾಕೇಜ್ ಫ್ರೀ ತಾತಾ, ಕೈ ಕೊಡಿ” ಎಂದ. ಕೊಟ್ಟಿರಿ. ಆ ಪ್ಯಾಕೇಜಿನಲ್ಲಿ ಶ್ರೀಮಾನ್ ನೆಲ್ಲಿಕಾಯಿಯವರ ಪರೀಕ್ಷೆಯೂ ಇತ್ತು. ಅದು ಈ ವಯಸ್ಸಿನಲ್ಲಿ ಬೇಕೇ ಎಂದು ಯಾರೂ ಕೇಳಲಿಲ್ಲ. ಏನಾದರೂ ಬಂದರೆ ಮುಂದೇನು ಎಂದೂ ಯಾರೂ ಹೇಳಲಿಲ್ಲ. ಉಪ್ಪಿಟ್ಟು ಕೊಟ್ಟು ಕಳಿಸಿದರು.

ಫೋನಿಗೆ ಬಂದ ಸಂಖ್ಯೆ ಏಳೂ ಮುಕ್ಕಾಲು. ನಾಲ್ಕರೊಳಗಿರಬೇಕು ಎಂದು ಪಕ್ಕದಲ್ಲೇ ಬರೆದಿತ್ತು. ನಾನು ನಡುಮನೆಯಲ್ಲಿ ನಿಂತು “ನಾಲ್ಕಕ್ಕೆ ಏಳೂ ಮುಕ್ಕಾಲು! ತಾತಂದು ಡಿಸ್ಟಿಂಕ್ಷನ್!” ಎಂದು ಘೋಷಿಸಿದೆ. ತಾವೂ ಮೀಸೆ ತಿರುವಿದಿರಿ. ಆ ನಗು ಮುಗಿಯುವಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು, ಆದಷ್ಟು ಬೇಗ ಬನ್ನಿ ಎಂದು.

ಆಮೇಲೆ ಸ್ಕ್ಯಾನು. ಸೂಜಿ ಹಾಕಿ ಚೂರು ತೆಗೆದದ್ದು. ಮನೆಗೆ ಬಂದ ಮೇಲೆ ಹಲ್ಲು ಕಟಕಟ ಎನ್ನುವ ಚಳಿಜ್ವರ, ಮತ್ತೆ ಆಸ್ಪತ್ರೆ, ಒಂದು ವಾರ ಕೈಗೆ ಬಾಟಲಿ. ಎರಡು ಕಂಬಳಿಯೊಳಗೆ ತಾವು ನಡುಗುತ್ತಿದ್ದ ದಿನ ನನಗೆ ಒಂದು ತಮಾಷೆಯೂ ಹೊಳೆಯಲಿಲ್ಲ. ಕೊನೆಗೆ ವರದಿ ಬಂತು: ಒಂದು ಮೂಲೆಯಲ್ಲಿ ಕ್ಯಾನ್ಸರು, ತೀರಾ ಕೆಳದರ್ಜೆಯದು, ಚಿಕ್ಕದು. ಅಪ್ಪನಿಗೆ ಮೊದಲ ಪದ ಮಾತ್ರ ಕೇಳಿಸಿತು. ಹೇಗೂ ಬೇಗ ಸಿಕ್ಕಿದೆ, ತೆಗೆದುಬಿಡೋಣ ಎಂದರು ಅಲ್ಲಿನ ಡಾಕ್ಟರು. ಅಪ್ಪ ಅಲ್ಲೇ ಒಪ್ಪಿ ಬಂದರು. ತಾವು ಫೋನಿನಲ್ಲಿ ನನಗೆ ಏನು ಹೇಳಿದಿರಿ, ನೆನಪಿದೆಯೇ? “ಕೊಯ್ಸ್ಕೊಂಡ್ಬಿಡ್ತೀನಿ ಬಿಡು ಮಗಾ, ನಿಮ್ಮಪ್ಪ ನಿದ್ದೆನಾದ್ರೂ ಮಾಡ್ಲಿ.”

ಅಪ್ಪನ ನಿದ್ದೆಗಾಗಿ ತಾವು ಏನನ್ನು ಕೊಡಲು ಹೊರಟಿದ್ದೀರಿ ಎಂಬುದು ಹೋದ ಶನಿವಾರ ತಮ್ಮನ್ನು ನೋಡಲು ಬರುವಾಗ ನನ್ನ ಕಣ್ಣಿಗೆ ಬಿತ್ತು. ಅದನ್ನು ಅಲ್ಲಿ ಚಿಕ್ಕಜ್ಜಿಯ ಮುಂದೆ ಹೇಳಲಾಗಲಿಲ್ಲ.

ಬೆಳಿಗ್ಗೆ ಊರಿಗೆ ಊರೇ ಬೆಂಗಳೂರು ಬಸ್ಸಿಗೆ ನೇತಾಡುವಾಗ ಎದುರು ದಿಕ್ಕಿನ ಬಸ್ಸು ಹತ್ತಿ ತೋಟಕ್ಕೆ ಹೊರಡುವ ಮಹನೀಯರು ಇಬ್ಬರೇ: ತಾವು ಮತ್ತು ನಮ್ಮ ಬೀದಿಯ ವೆಂಕಟರಮಣಪ್ಪನವರು. ಮೊದಲೆಲ್ಲ ಇಬ್ಬರಿಗೂ ಆ ಮುಂದಿನ ಸೀಟೇ. ಅದರ ಮೇಲೆ ನಾನು ಅಂಟಿಸಿದ್ದ ಪ್ರಕಟಣೆ ಇನ್ನೂ ಹಾಗೇ ಇದೆ: ‘ಈ ಆಸನವು ಶ್ರೀ ಮುನಿವೆಂಕಟಪ್ಪನವರಿಗೆ ಮೀಸಲು. ಉಲ್ಲಂಘಿಸಿದವರು ಅವರ ತೆಂಗಿನ ತೋಟದ ಕಥೆಯನ್ನು ಪೂರ್ತಿ ಕೇಳತಕ್ಕದ್ದು.’ ದೇವರಾಜಣ್ಣ ಅದನ್ನು ಮೇಲಿನವರ ಆದೇಶವೆಂದು ನಂಬಿ ಒಂದು ವಾರ ಯಾರನ್ನೂ ಕೂರಲು ಬಿಟ್ಟಿರಲಿಲ್ಲ.

ಶನಿವಾರ ಆ ಸೀಟು ಖಾಲಿಯಿತ್ತು. ಅರ್ಧ ಬಸ್ಸೇ ಖಾಲಿಯಿತ್ತು. ವೆಂಕಟರಮಣಪ್ಪನವರು ಮಾತ್ರ ಹಿಂಬಾಗಿಲ ಹತ್ತಿರ, ಖಾಲಿ ಸೀಟಿನ ಪಕ್ಕದಲ್ಲೇ ಕಂಬಿ ಹಿಡಿದು ನಿಂತಿದ್ದರು. ಎರಡು ವರ್ಷದ ಹಿಂದೆ ಅವರಿಗೆ ಆದದ್ದೂ ಇದೇ ಆಪರೇಷನ್ನು. ಅದಾದ ಮೇಲೆ ತಮ್ಮ ಪಕ್ಕ ಕೂರುವುದನ್ನು ಬಿಟ್ಟರು ಎಂದು ತಾವು ಮುನಿಸಿಕೊಂಡಿದ್ದಿರಲ್ಲ? ದೇವರಾಜಣ್ಣ ಟಿಕೆಟು ಹರಿಯುತ್ತಾ “ಏನ್ ಯಜಮಾನ್ರೇ, ಕಾಸು ಕೊಟ್ಟು ನಿಂತ್ಕಂಡ್ ಬರ್ತೀರಲ್ಲಾ, ಸೀಟಲ್ಲೇನ್ ಚೇಳೈತಾ?” ಎಂದ. ಬಸ್ಸು ನಕ್ಕಿತು. ನಾನೂ ನಕ್ಕೆ. ಅವರೂ ನಕ್ಕರು. ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟರು.

ಅದು ಅವರ ಸ್ಟಾಪಲ್ಲ. ಅಲ್ಲಿ ಒಂದು ಗೋಡೌನಿನ ಕಾಂಪೌಂಡು ಬಿಟ್ಟರೆ ಏನೂ ಇಲ್ಲ. ಯಾಕೋ ನಾನೂ ಹಿಂದೆಯೇ ಇಳಿದೆ. ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಅವರ ಹತ್ತಿರ ಪೌಡರಿನ ವಾಸನೆ. ಎಳೆಮಗುವಿಗೆ ಹಾಕುವ ಪೌಡರು.

“ಕೂತ್ರೆ ಏಳುವಾಗ ಸೀಟು ನೋಡ್ಕಬೇಕಾಗ್ತದೆ ಮಗಾ,” ಎಂದರು. “ಜನಾನೂ ನೋಡ್ತಾರೆ. ನಿಂತ್ಕಂಡ್ರೆ ಆ ತಾಪತ್ರಯ ಇಲ್ಲ.”

ಹುಷಾರಾದಿರಲ್ಲ ಬಿಡಿ ತಾತಾ, ಜೀವ ಉಳೀತಲ್ಲ ಎಂದೆ.

“ಎಲ್ರೂ ಅದನ್ನೇ ಅಂತಾರೆ. ಉಳೀತು, ಇಲ್ಲ ಅನ್ನಲ್ಲ. ಆದ್ರೆ ಕೊಯ್ಸದೆ ಇದ್ದಿದ್ರೂ ಉಳೀತಿತ್ತೋ ಏನೋ. ಯಾರ್ನ ಕೇಳ್ಲಿ? ಕೊಯ್ದ ಡಾಕ್ಟ್ರನ್ನೇ ಕೇಳ್ದೆ. ಅದು ಯಾರ್ಗೂ ಗೊತ್ತಾಗಲ್ಲ ಯಜಮಾನ್ರೇ ಅಂದ್ರು.” ಲಾರಿಯೊಂದು ಧೂಳೆಬ್ಬಿಸಿಕೊಂಡು ಹೋಯಿತು. ಧೂಳು ಅಡಗಿದ ಮೇಲೆ, ನಿಮ್ ತಾತಂಗೆ ಇದೆಲ್ಲಾ ಹೇಳ್ಬೇಡ, ಹೆದ್ರುಕೊಂಡಾನು ಎಂದರು. ಹೇಳುತ್ತಿದ್ದೇನೆ.

ವಾಪಸು ಬರುವಾಗ ನಾನು ನೆಲಮಂಗಲದಲ್ಲಿ ಇಳಿದು, ಸಂಜೆ ಹೊತ್ತು ಕ್ಲಿನಿಕ್ಕಿನಲ್ಲಿ ಕೂರುವ ಆ ವಯಸ್ಸಾದ ಡಾಕ್ಟರ ಹತ್ತಿರ ಹೋದೆ. ತಮ್ಮ ವರದಿಗಳೆಲ್ಲ ಫೋನಿನಲ್ಲೇ ಇದ್ದವಲ್ಲ. ಅವರು ಕನ್ನಡಕ ಏರಿಸಿ, ಇಳಿಸಿ, ಎಲ್ಲವನ್ನೂ ಓದಿದರು. “ಇದು ನಡ್ಕೊಂಡು ಬರ್ತಿರೋ ಕಾಯಿಲೆ ಕಣಮ್ಮಾ, ಲಾರಿ ಹತ್ತಿ ಬರ್ತಿಲ್ಲ. ಇದು ಬಂದು ಸೇರೋಕೆ ಹತ್ತು ಹದಿನೈದು ವರ್ಷ ಬೇಕಾಗ್ಬೋದು, ಸೇರದೇನೂ ಇರ್ಬೋದು. ನಿಮ್ ತಾತಂಗೆ ಎಪ್ಪತ್ತೇಳು. ಈ ಪರೀಕ್ಷೆನೇ ಅವ್ರಿಗೆ ಬೇಕಿರ್ಲಿಲ್ಲ” ಎಂದರು. ಸುಮ್ಮನೆ ಬಿಟ್ಟುಬಿಡಬೇಕಾ ಎಂದು ಕೇಳಿದೆ. ಬಿಡುವುದು ಬೇರೆ, ಕಣ್ಣಿಟ್ಟು ಕಾಯುವುದು ಬೇರೆ ಎಂದರು. ಆರಾರು ತಿಂಗಳಿಗೆ ರಕ್ತ ನೋಡುವುದು, ಅದು ಓಡಲು ಶುರುಮಾಡಿದರೆ ಆಗ ಯೋಚಿಸುವುದು. ಆಪರೇಷನ್ ಆದವರಿಗೆಲ್ಲ ಉಚ್ಚೆ ಹನಿಯುವ ತೊಂದರೆ ಉಳಿಯುವುದಿಲ್ಲವಂತೆ, ಬಹಳ ಜನಕ್ಕೆ ತಿಂಗಳುಗಳಲ್ಲಿ ಸರಿಹೋಗುತ್ತದಂತೆ. ವಯಸ್ಸಾದಷ್ಟೂ ಉಳಿಯುವುದು ಜಾಸ್ತಿಯಂತೆ. ಗಂಡಸರ ಇನ್ನೊಂದು ತೊಂದರೆಯನ್ನು ಇಂಗ್ಲಿಷಿನಲ್ಲಿ ಹೇಳಿ ಗೋಡೆಯ ಕ್ಯಾಲೆಂಡರು ನೋಡಿದರು. ನಾನೂ ಕ್ಯಾಲೆಂಡರು ನೋಡಿದೆ. ಕಾಯುವುದರಲ್ಲಿ ಅಪಾಯ ಇಲ್ಲವೇ ಎಂದದ್ದಕ್ಕೆ “ಇದೆ. ಕಮ್ಮಿ, ಆದ್ರೆ ಇದೆ. ಗ್ಯಾರಂಟಿ ಕೊಡೋ ಡಾಕ್ಟ್ರು ಬೇಕಿದ್ರೆ ಬೇರೆ ಕಡೆ ಹೋಗು” ಎಂದರು.

ಇದನ್ನು ಅಪ್ಪನಿಗೆ ಹೇಳಿದೆ. ಅವರು ಕೂಗಲಿಲ್ಲ. ಅಜ್ಜಿಯ ಫೋಟೋ ಕಡೆ ಕೈ ತೋರಿಸಿ “ಅವ್ವಂದೂ ಕಾಯೋಣ ಅಂದ್ವಿ” ಎಂದರು, ಅಷ್ಟೆ. ಅಜ್ಜಿ ಎದೆಯ ಗಂಟನ್ನು ವರ್ಷಗಟ್ಟಲೆ ಸೆರಗಿನೊಳಗೆ ಮುಚ್ಚಿಟ್ಟುಕೊಂಡಳಲ್ಲ, ಗೊತ್ತಾದ ಮೇಲೂ ಮನೆಯವರು ಕಾದರಲ್ಲ, ಅಪ್ಪ ಇವತ್ತಿಗೂ ಆ ಗಂಟನ್ನೇ ಹುಡುಕುತ್ತಿದ್ದಾರೆ. ಅಜ್ಜಿಯ ಕಾಯಿಲೆ ಬೇರೆ, ಇದು ಬೇರೆ ಎಂದು ನಾನು ಹೇಳಿದರೆ ಅವರ ಕಿವಿಗೆ ಬೀಳುವುದಿಲ್ಲ. ನಾನು ಬಸ್ಸಿನಲ್ಲಿ ಸುಳ್ಳು ಬೋರ್ಡು ಅಂಟಿಸುವವಳು. ನನ್ನ ಮಾತಿಗೆ ಯಾವ ಸಾಕ್ಷಿ?

ಅದಕ್ಕೆ ತಾತಾ, ನೀನು ಬರಬೇಕು. (ತಾವು ಎನ್ನುವುದು ಇಷ್ಟು ಹೊತ್ತು ನಿಂತದ್ದೇ ಹೆಚ್ಚು.) ಆಪರೇಷನ್ ಮಾಡಿಸಿಕೊಳ್ಳಬೇಡ ಎಂದು ನಾನು ಹೇಳುತ್ತಿಲ್ಲ. ಎಲ್ಲ ಕೇಳಿ ತಿಳಿದು ಅದೇ ಬೇಕು ಎನ್ನಿಸಿದರೆ ಬ್ಯಾಗು ನಾನೇ ಹೊರುತ್ತೇನೆ. ಆದರೆ ಅಪ್ಪನ ನಿದ್ದೆಗೆಂದು ಹೋಗಿ ಮಲಗಬೇಡ. ನಿನ್ನ ಕಾಲು ಗಟ್ಟಿಯಿದೆ, ನಿನ್ನ ಬಸ್ಸು ಬರುತ್ತಿದೆ, ನಿನ್ನ ತೋಟದ ಕಥೆ ಇನ್ನೂ ಮುಗಿದಿಲ್ಲ. ಬುಧವಾರ ಅಪ್ಪ ಕಾರು ತೆಗೆದುಕೊಂಡು ಕರೆಯಲು ಬರುತ್ತಾರೆ. ಅಷ್ಟರೊಳಗೆ, ಮಂಗಳವಾರ ಬೆಳಗಿನ ಬಸ್ಸಿಗೆ ನೀನೇ ಬಾ. ಕೂತುಕೊಂಡು ಬಾ. ಸಂಜೆ ನೀನು, ಅಪ್ಪ, ನಾನು ಮೂವರೂ ಆ ಡಾಕ್ಟರ ಹತ್ತಿರ ಹೋಗೋಣ. ಪ್ರಶ್ನೆ ನೀನು ಕೇಳು, ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ. ಜೀವನದಲ್ಲಿ ಮೊದಲ ಸಲ.

ಹಿಂಡಿಸಿಕೊಳ್ಳಲು ಎರಡು ಕಿವಿಗಳನ್ನೂ ಸಿದ್ಧವಾಗಿಟ್ಟುಕೊಂಡಿರುವ,
ಸಿಂಚನ

ತಾ.ಕ.: ಈ ಕಾಗದ ಬರೆಯಲು ಕೂತದ್ದು ನಿನಗಾಗಿ ಎಂದು ತಿಳಿಯುತ್ತೀಯಲ್ಲ, ಅರ್ಧ ನಿಜ. ಇವತ್ತು ಬೆಳಿಗ್ಗೆ ಫೋನು ಟಿಣ್ ಎಂದಿತು. ‘ಪ್ರಿಯ ಆನಂದ್ ಅವರೇ, ನಿಮ್ಮ ವರದಿ ಸಿದ್ಧವಾಗಿದೆ.’ ನಿನ್ನ ಆಪರೇಷನ್‌ಗೆ ಒಪ್ಪಿ ಬಂದ ದಿನ ಅಪ್ಪ ಯಾರಿಗೂ ಹೇಳದೆ ತಾವೂ ರಕ್ತ ಕೊಟ್ಟು ಬಂದಿದ್ದಾರೆ. ಅಪ್ಪನಿಗೆ ಐವತ್ತೊಂದು. ಸಂಖ್ಯೆ ಐದೂ ಕಾಲು.

ಆ ಡಾಕ್ಟರು ಹೇಳಿದ ಒಂದು ಮಾತನ್ನು ನಾನು ಮೇಲೆ ಬರೆಯಲಿಲ್ಲ. “ಇದೇ ಐವತ್ತರ ಆಸುಪಾಸಿನೋರಾಗಿದ್ರೆ ನಾನು ಇಷ್ಟು ಸಲೀಸಾಗಿ ಹೇಳ್ತಿರ್ಲಿಲ್ಲಮ್ಮಾ. ಇನ್ನೊಂದ್ಸಲ ರಕ್ತ ನೋಡಿ, ಕೂತು ಮಾತಾಡ್ಬೇಕು. ಅವಸರಕ್ಕೆ ಕೊಯ್ಯೋದೂ ತಪ್ಪಾಗ್ಬೋದು, ಸುಮ್ನಿರೋದೂ ತಪ್ಪಾಗ್ಬೋದು.” ಯಾರಿಗೋ ಹೇಳಿದ ಮಾತು ಎಂದುಕೊಂಡಿದ್ದೆ. ಮೇಲೆ ಬರೆದಿರುವ ನನ್ನ ಧೈರ್ಯವೆಲ್ಲ ನಿನ್ನ ವಯಸ್ಸಿನದು, ಅಪ್ಪನ ವಯಸ್ಸಿಗೆ ನನ್ನ ಹತ್ತಿರ ಏನೂ ಇಲ್ಲ.

ಗುರುವಾರ ನೀನು ಏನೂ ಕೇಳದೆ ಹೋಗಿ ಮಲಗಿದರೆ, ಅಪ್ಪನೂ ಏನೂ ಕೇಳದೆ ನಿನ್ನ ಹಿಂದೆಯೇ ಹೋಗಿ ಮಲಗುತ್ತಾರೆ. ಮಧ್ಯಾಹ್ನ ಮೆಡಿಕಲ್ ಸ್ಟೋರಿಗೆ ಹೋಗಿ ವಿಚಾರಿಸಿದೆ. ರಬ್ಬರ್ ಶೀಟಿಗೆ ಯಾವ ಆಫರೂ ಇರಲಿಲ್ಲ ತಾತಾ.

ಈಗ ಅಪ್ಪ ಬಾಗಿಲಾಚೆ ಬಂದು ನಿಂತಿದ್ದಾರೆ. “ಸಿಂಚೂ, ಏನಾದ್ರೂ ಬಂತೇನೇ?” ಎನ್ನುತ್ತಿದ್ದಾರೆ. ಇನ್ನೂ ಇಲ್ಲಪ್ಪಾ ಎಂದೆ. ನಾನು ಹೇಳಿದ ಸುಳ್ಳುಗಳಲ್ಲೆಲ್ಲ ಇದೊಂದನ್ನು ಅವರು ತಕ್ಷಣ ನಂಬಿದರು. ಮಂಗಳವಾರದವರೆಗೆ ಈ ಸುದ್ದಿಯನ್ನು ಹೇಗಾದರೂ ಹಿಡಿದಿಟ್ಟುಕೊಂಡಿರುತ್ತೇನೆ. ಬೆಳಗಿನ ಬಸ್ಸು ತಪ್ಪಿಸಬೇಡ.